ಹಾಡುಗಾರನ ಹಿಂದೆ ನಿಂತವರ ಹಿನ್ನೆಲೆ

ನಮ್ಮ ಜನಪದ-ರಾಕ್ ತಂಡಗಳ ಬಗ್ಗೆ ಬರುವ ಬರಹಗಳು ಸಾಮಾನ್ಯವಾಗಿ ಹಾಡುಗಾರನ ಲುಂಗಿ, ಗೆಜ್ಜೆ, ಪ್ರಶಸ್ತಿಗಳಲ್ಲೇ ಮುಗಿದುಹೋಗುತ್ತವೆ. ಪಕ್ಕದಲ್ಲಿ ಪಿಟೀಲು ಹಿಡಿದವರು ಯಾರು, ಬೇಸ್ ನುಡಿಸುವವರು ಮೊದಲು ಏನು ಕಲಿತಿದ್ದರು, ಡ್ರಮ್ಸ್ ಹಿಂದೆ ಕೂತವರ ಕಿವಿ ಯಾವ ತಾಳದಲ್ಲಿ ಪಳಗಿದ್ದು ಅಂತ ವಿಚಾರಿಸುವವರು ಕಡಿಮೆ. ನನಗೆ ಇದು ದೊಡ್ಡ ಕೊರತೆ ಅನ್ನಿಸುತ್ತದೆ. ಯಾಕಂದರೆ ಇಂಥ ತಂಡದ ಸದ್ದಿನ ಮುಕ್ಕಾಲು ಪಾಲು, ಅವರೆಲ್ಲ ಒಂದು ಕೋಣೆಯಲ್ಲಿ ಸೇರುವ ಮೊದಲೇ ತೀರ್ಮಾನವಾಗಿರುತ್ತದೆ.

ರಘು ದೀಕ್ಷಿತ್ ಅವರನ್ನೇ ತಗೊಳ್ಳಿ. ಮೈಸೂರಲ್ಲಿ ಬೆಳೆದವರು, ಸೂಕ್ಷ್ಮಜೀವಿಶಾಸ್ತ್ರದ ಸ್ನಾತಕೋತ್ತರದಲ್ಲಿ ಚಿನ್ನದ ಪದಕ, ಭರತನಾಟ್ಯದಲ್ಲಿ ವಿದ್ವತ್. ಗಿಟಾರ್ ಮಾತ್ರ ಸ್ವಂತವಾಗಿ ಕಲಿತದ್ದು. ವೇದಿಕೆಯ ಮೇಲೆ ಅವರ ಕಾಲಿನ ಗೆಜ್ಜೆಯನ್ನು ಜನ ಅಲಂಕಾರ ಅಂದುಕೊಳ್ಳುತ್ತಾರೆ. ಅದು ಮಾಡುವ ಕೆಲಸ ಬೇರೆಯೇ ಇದೆ. ಭರತನಾಟ್ಯದ ಅಡವು, ಅಂದರೆ ಹೆಜ್ಜೆ, ಕಲಿತ ಪಾದ ತಾಳವನ್ನು ಹಿಡಿದಿಟ್ಟುಕೊಂಡಿರುತ್ತದೆ, ಹಾಗಾಗಿ ದನಿ ಧೈರ್ಯವಾಗಿ ಒಂದು ಎಳೆ ಹಿಂದೆ ಬರಬಹುದು, ಸಾಲಿನ ಕೊನೆಯ ಪದವನ್ನು ಬೇಕಾದಷ್ಟು ಎಳೆಯಬಹುದು. ಇದಕ್ಕೊಂದು ತೊಂದರೆಯೂ ಇದೆ. ಹಾಡುವ ಮೈಕಿಗೆ ಗೆಜ್ಜೆಯ ಸದ್ದೂ ಸೇರಿಕೊಳ್ಳುತ್ತದೆ. ಡ್ರಮ್ಸಿನ ಸ್ನೇರ್ ಪೆಟ್ಟು ಕೂದಲೆಳೆಯಷ್ಟು ಆಚೀಚೆ ಬಿದ್ದರೂ ಒಂದು ಪೆಟ್ಟು ಎರಡಾಗಿ ಕೇಳಿಸುತ್ತದೆ. ಅಂಥ ಹಾಡುಗಾರನ ಹಿಂದೆ ಕೂರುವ ಡ್ರಮ್ಮರ್ ಕಿವಿಯ ಜೊತೆ ಕಣ್ಣನ್ನೂ ಆ ಕಾಲಿನ ಮೇಲೆ ಇಟ್ಟಿರಬೇಕು.

1990ರ ದಶಕದ ಕೊನೆಯಲ್ಲಿ ಶುರುವಾದ ಅವರ ಮೊದಲ ತಂಡ ಅಂತರಾಗ್ನಿಯಲ್ಲಿ ಪಿಟೀಲು ಹಿಡಿದಿದ್ದವರು ಎಚ್.ಎನ್. ಭಾಸ್ಕರ್. ಇವತ್ತು ಕರ್ನಾಟಕ ಸಂಗೀತ ಕಛೇರಿಗಳ ಪಕ್ಕವಾದ್ಯದಲ್ಲಿ ಅವರದ್ದು ದೊಡ್ಡ ಹೆಸರು. ಆ ತಂಡ ಮುಗಿದ ಮೇಲೆ 2005ರಲ್ಲಿ ರಘು ದೀಕ್ಷಿತ್ ಪ್ರಾಜೆಕ್ಟ್ ಹುಟ್ಟಿತು. 2008ರಲ್ಲಿ ವಿಶಾಲ್-ಶೇಖರ್ ಜೋಡಿಯ ಸ್ವಂತ ಲೇಬಲ್‌ನಿಂದ ಮೊದಲ ಆಲ್ಬಂ, 2011ರಲ್ಲಿ ಬ್ರಿಟನ್ನಿನ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸ ಕಲಾವಿದ ಪ್ರಶಸ್ತಿ. ಇವೆಲ್ಲ ಎಲ್ಲರಿಗೂ ಗೊತ್ತು. ಕಛೇರಿಯ ಪಿಟೀಲು ಗಿಟಾರಿನ ಪಕ್ಕಕ್ಕೆ ಬಂದಾಗ ಏನಾಗುತ್ತದೆ ಅನ್ನುವುದನ್ನು ಮಾತ್ರ ಯಾರೂ ಬರೆಯುವುದಿಲ್ಲ.

ಕರ್ನಾಟಕ ಪದ್ಧತಿಯ ಪಿಟೀಲಿನ ನಾಲ್ಕು ತಂತಿ ಸ-ಪ-ಸ-ಪ, ಅಂದರೆ ಷಡ್ಜ-ಪಂಚಮ ಎರಡು ಸಲ. ಹಾಡುಗಾರನ ಶ್ರುತಿ ಬದಲಾದರೆ ನಾಲ್ಕನ್ನೂ ತಿರುವಬೇಕು. ಗಿಟಾರಿನವರಿಗೆ ಎಲ್ಲ ತಂತಿಗಳನ್ನೂ ಒಂದೇ ಫ್ರೆಟ್ಟಿನಲ್ಲಿ (ಕುತ್ತಿಗೆಯ ಮೇಲಿನ ಮನೆಯಲ್ಲಿ) ಒತ್ತಿಹಿಡಿಯುವ ಕ್ಯಾಪೊ ಅನ್ನುವ ಕ್ಲಿಪ್ ಇದೆ, ಎರಡು ಸೆಕೆಂಡಿನ ಕೆಲಸ. ಹಾಡುಗಾರ ಕಪ್ಪು ಎರಡರಲ್ಲಿ, ಅಂದರೆ ಡಿ ಶಾರ್ಪ್‌ನಲ್ಲಿ ಹಾಡುತ್ತಾನೆ ಅಂತಿಟ್ಟುಕೊಳ್ಳಿ. ಗಿಟಾರಿನ ಅತಿ ದಪ್ಪದ ಆರನೇ ತಂತಿಯನ್ನು ಇ ಇಂದ ಡಿಗೆ ಇಳಿಸಿ, ಮೊದಲ ಫ್ರೆಟ್ಟಿಗೆ ಕ್ಯಾಪೊ ಹಾಕಿದರೆ ದಪ್ಪದ ಮೂರು ತಂತಿ ಸ-ಪ-ಸ ಆಗಿ ತಂಬೂರಿಯ ಹಾಗೆ ನಿಲ್ಲುತ್ತವೆ. ತತ್ವಪದಕ್ಕೆ ಇದಕ್ಕಿಂತ ಒಳ್ಳೆಯ ನೆಲ ಸಿಗುವುದಿಲ್ಲ. ಆದರೆ ನಾಲ್ಕು ತಂತಿಯ ಬೇಸಿನ ಅತಿ ಕೆಳಗಿನ ಸ್ವರ ಇ, ಷಡ್ಜಕ್ಕಿಂತ ಅರ್ಧ ಸ್ವರ ಮೇಲೆ. ತಂತಿ ಇಳಿಸಬೇಕು, ಇಲ್ಲವೇ ಐದು ತಂತಿಯ ಬೇಸ್ ತಂದು ಬಿ ತಂತಿಯ ನಾಲ್ಕನೇ ಫ್ರೆಟ್ಟಲ್ಲಿ ಷಡ್ಜ ಹಿಡಿಯಬೇಕು. ತಬಲಾ ಇದ್ದರೆ ಬಲಗಡೆಯ ತಬಲಾವನ್ನೂ ಅದೇ ಷಡ್ಜಕ್ಕೆ ಬಡಿದು ಕೂರಿಸಬೇಕು. ಬಯಲು ವೇದಿಕೆಯಲ್ಲಿ ಸಂಜೆಯ ತಂಪು ಇಳಿದಾಗ ಚರ್ಮ ಸಡಿಲವಾಗಿ ಶ್ರುತಿಯೂ ಇಳಿಯುತ್ತದೆ. ಅದಕ್ಕೇ ಅನುಭವ ಇರುವ ತಂಡಗಳು ಹಾಡಿನ ಪಟ್ಟಿ ಮಾಡುವಾಗ ಒಂದೇ ಶ್ರುತಿಯ ಮೂರ್ನಾಲ್ಕು ಹಾಡು ಒಟ್ಟಿಗೆ ಇಡುತ್ತವೆ. ಪ್ರೇಕ್ಷಕರ ಮೂಡ್ ನೋಡಿ ಪಟ್ಟಿ ಮಾಡಿದ್ದಾರೆ ಅಂತ ನಾವು ಕೆಳಗೆ ನಿಂತು ಅಂದುಕೊಳ್ಳುತ್ತೇವೆ.

ಇನ್ನೊಂದು ಎಡವಟ್ಟು ಗಾಂಧಾರದ್ದು, ಅಂದರೆ ಸರಿಗಮದ ಗ ಸ್ವರದ್ದು. ಜನಪದ ಧಾಟಿಗಳಲ್ಲಿ ಗಾಂಧಾರ ಸಾಧಾರಣಕ್ಕೂ (ತಗ್ಗಿನ ಗ) ಅಂತರಕ್ಕೂ (ಎತ್ತರದ ಗ) ನಡುವೆ ಜಾರಾಡುತ್ತಿರುತ್ತದೆ. ಪಾಶ್ಚಾತ್ಯ ಕಾರ್ಡ್ ಮಾತ್ರ ಕಲಿತ ಗಿಟಾರಿಸ್ಟ್ ಅಲ್ಲಿ ಗಾಂಧಾರವನ್ನು ಒಂದೇ ಜಾಗಕ್ಕೆ ಕಟ್ಟಿಹಾಕುವ ಮೇಜರ್ ಅಥವಾ ಮೈನರ್ ಕಾರ್ಡ್ ಒತ್ತಿದ ಕೂಡಲೇ ಹಾಡುಗಾರ ತಪ್ಪಿದ ಹಾಗೆ ಕೇಳಿಸುತ್ತದೆ. ತಪ್ಪು ಕಾರ್ಡಿನದ್ದು. ಬರೀ ಸ-ಪ ಹಿಡಿದು ಗಾಂಧಾರವನ್ನು ದನಿಗೇ ಬಿಟ್ಟುಕೊಡುವವರನ್ನು ನಾನು ಒಳ್ಳೆಯ ಜನಪದ-ರಾಕ್ ಗಿಟಾರಿಸ್ಟ್ ಅಂತೀನಿ. ಡ್ರಮ್ಸಲ್ಲೂ ಹೀಗೇ. ಮೂರರ ನಡೆಯಲ್ಲಿ ಹುಟ್ಟಿದ ಪದವನ್ನು ನಾಲ್ಕರ ರಾಕ್ ಬೀಟಿಗೆ ಎಳೆದು ಕೂರಿಸಿದರೆ ಹ್ರಸ್ವ ದೀರ್ಘವಾಗುತ್ತದೆ, "ನಡು" ಅನ್ನುವುದು "ನಾಡು" ಆಗಿ ಅರ್ಥವೇ ಮುರಿಯುತ್ತದೆ. ಕನ್ನಡ ಗೊತ್ತಿಲ್ಲದ ಡ್ರಮ್ಮರ್‌ಗೆ ಸಾಹಿತ್ಯವನ್ನು ಗುರು-ಲಘು ಹಾಕಿ ಓದಿ ಹೇಳಬೇಕು. ಅರ್ಧ ಗಂಟೆ ಸಾಕು, ಆದರೆ ಬಹಳ ಕಡೆ ಆ ಅರ್ಧ ಗಂಟೆಯೇ ಸಿಗುವುದಿಲ್ಲ.

ಶಿಶುನಾಳ ಶರೀಫರ ಪದಗಳನ್ನು ಎತ್ತಿಕೊಳ್ಳುವ ಹೊಸ ತಂಡಗಳಿಗೆ ಒಂದು ಮಾತು. ಶರೀಫರು ತೀರಿಕೊಂಡದ್ದು 1889ರಲ್ಲಿ. ಕರ್ತೃ ತೀರಿಕೊಂಡ ವರ್ಷದಿಂದಾಚೆ 60 ವರ್ಷ ಹಕ್ಕು ಅನ್ನುತ್ತದೆ ನಮ್ಮ ಹಕ್ಕುಸ್ವಾಮ್ಯ ಕಾಯ್ದೆ, ಆದ್ದರಿಂದ ಸಾಹಿತ್ಯ ಎಲ್ಲರದ್ದು. ಆದರೆ ನಮ್ಮ ಕಿವಿಯಲ್ಲಿ ಕೂತಿರುವ ಎಷ್ಟೋ ಧಾಟಿಗಳು ಸಿ. ಅಶ್ವಥ್ ಅವರ ಸಂಯೋಜನೆ. ಅವರು ತೀರಿಕೊಂಡದ್ದು 2009ರ ಡಿಸೆಂಬರ್ 29ರಂದು, ಹಾಗಾಗಿ ಆ ಧಾಟಿಗಳ ಹಕ್ಕು 2069ರ ಕೊನೆಯವರೆಗೆ ಇರುತ್ತದೆ. "ಜನಪದ ತಾನೆ, ಯಾರದ್ದೂ ಅಲ್ಲ" ಅಂತ ರೆಕಾರ್ಡ್ ಮಾಡಿ ಹಾಕಿದರೆ ತೊಂದರೆ ಬರುವುದು ಇಲ್ಲೇ. "ಗುಡುಗುಡಿಯ ಸೇದಿ ನೋಡೋ" ಪದಕ್ಕೆ ರಘು ತಮ್ಮದೇ ಧಾಟಿ ಹಾಕಿದರು. ಕಲೆಯ ದೃಷ್ಟಿಯಿಂದಲೂ ಕಾನೂನಿನ ದೃಷ್ಟಿಯಿಂದಲೂ ಸರಿಯಾದ ದಾರಿ ಅದೇ.

ಸ್ವರಾತ್ಮ ತಂಡದ್ದು ಇನ್ನೊಂದು ಮಾದರಿ. ಹಾಡುಗಾರ ವಾಸು ದೀಕ್ಷಿತ್ ರಘು ಅವರ ತಮ್ಮ, ವಿನ್ಯಾಸ ಕಲಿಸುವ ಸಂಸ್ಥೆಯಾದ ಎನ್‌ಐಡಿಯಲ್ಲಿ ಕಲಿತವರು. ಸೊಂಟಕ್ಕೆ ಕೀಲುಕುದುರೆಯಂಥ ಕುದುರೆ ಕಟ್ಟಿಕೊಂಡು ಕುಣಿದದ್ದರ ಹಿಂದೆ ದೃಶ್ಯ ಕಟ್ಟಲು ಕಲಿತ ಕಣ್ಣಿದೆ ಅನ್ನುವುದು ನನ್ನ ನಂಬಿಕೆ. ಬೇಸಿನಲ್ಲಿ ಜಿಷ್ಣು ದಾಸ್‌ಗುಪ್ತ, ಪಿಟೀಲಲ್ಲಿ ಸಂಜೀವ್ ನಾಯಕ್, ಗಿಟಾರಲ್ಲಿ ವರುಣ್ ಮುರಳಿ, ತಾಳವಾದ್ಯಗಳಲ್ಲಿ ಪವನ್ ಕುಮಾರ್, ಡ್ರಮ್ಸಲ್ಲಿ ಮಾಂಟ್ರಿ ಮ್ಯಾನುವೆಲ್ ನುಡಿಸಿದವರು. ಮಾಂಟ್ರಿ ಅವರಂತೂ ಬಿಸಾಕಿದ ವಸ್ತುಗಳಿಂದ ವಾದ್ಯ ಮಾಡಿ ನುಡಿಸುವ ತಾಳವಟ್ಟಂ ಅನ್ನುವ ಪ್ರತ್ಯೇಕ ಪ್ರಯೋಗವನ್ನೇ ನಡೆಸಿದವರು. 2009, 2012, 2018ರ ಆಲ್ಬಂಗಳನ್ನು ಸಾಲಾಗಿ ಕೇಳಿದರೆ ಒಂದೇ ಮನೆಯ ಸದ್ದು ಅಂತ ಗುರುತು ಸಿಗುತ್ತದೆ. ರಘು ದೀಕ್ಷಿತ್ ಪ್ರಾಜೆಕ್ಟಿನಲ್ಲಿ ದನಿಯೇ ಕಂಬ, ಸುತ್ತಲಿನ ಜನ ಬದಲಾಗುತ್ತಾರೆ. ಸ್ವರಾತ್ಮದಲ್ಲಿ ಒಬ್ಬರು ಎದ್ದು ಹೋದರೂ ಸೂರು ವಾಲುತ್ತದೆ.

ಆರು ಜನ ಅಂದರೆ ಡ್ರಮ್ಸಿಗೆ 7 ಮೈಕು, ತಾಳವಾದ್ಯಕ್ಕೆ 4, ಬೇಸ್, ಎರಡು ಗಿಟಾರ್, ಪಿಟೀಲು, ಮೇಲೆ ನಾಲ್ಕು ದನಿ. ಧ್ವನಿ ಮಿಕ್ಸರಿನಲ್ಲಿ ಒಟ್ಟು 19 ಚಾನೆಲ್. ಉತ್ಸವಗಳಲ್ಲಿ ತಂಡ ಬದಲಾಗಲು ಸಿಗುವುದು ಬಹಳವೆಂದರೆ 20 ನಿಮಿಷ. ಪಿಟೀಲೂ ಲೀಡ್ ಗಿಟಾರೂ ಒಂದೇ ಮಧ್ಯದ ಕಂಪನದಲ್ಲಿ ಗುದ್ದಾಡುತ್ತವೆ, ಗಮಕ ಮುಚ್ಚಿಹೋಗುತ್ತದೆ. ಅದನ್ನು ಧ್ವನಿ ನಿರ್ವಾಹಕರು ಬಿಡಿಸಲಾರರು. ನೀನು ತುಂಬಿಸಿದಾಗ ನಾನು ಬಿಡ್ತೀನಿ ಅನ್ನುವ ಒಪ್ಪಂದ ತಾಲೀಮಿನಲ್ಲೇ ಆಗಿರಬೇಕು.

ಒಬ್ಬ ಸದಸ್ಯನ ಬೆಲೆ ಎಷ್ಟು ಅಂತ ತಿಳಿಯಲು ದೆಹಲಿಯ ಇಂಡಿಯನ್ ಓಶನ್ ತಂಡ ನೋಡಬೇಕು. ಅಶೀಮ್ ಚಕ್ರವರ್ತಿ ತಬಲಾ ನುಡಿಸುತ್ತಲೇ ಹಾಡುತ್ತಿದ್ದರು, ಎರಡೂ ಒಂದೇ ಉಸಿರಿನಿಂದ ಬರುತ್ತಿದ್ದವು. 2009ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡ ಮೇಲೆ ಆ ಜಾಗಕ್ಕೆ ತಬಲಾಕ್ಕೆ ತುಹಿನ್ ಚಕ್ರವರ್ತಿ, ದನಿಗೆ ಹಿಮಾಂಶು ಜೋಶಿ ಅಂತ ಇಬ್ಬರು ಬರಬೇಕಾಯಿತು. ಅದೇ ತಂಡದ ರಾಹುಲ್ ರಾಮ್ ಕಾರ್ನೆಲ್‌ನಲ್ಲಿ ಪಿಎಚ್‌.ಡಿ ಮಾಡಿ, ಆಮೇಲೆ ನರ್ಮದಾ ಚಳವಳಿಯಲ್ಲಿ ದುಡಿದವರು. ನರ್ಮದೆಯ ಹಾಡು "ಮಾ ರೇವಾ" ಆ ತಂಡಕ್ಕೆ ಬಂದದ್ದು ಅಲ್ಲಿಂದಲೇ.

ಅದಕ್ಕೇ ತಂಡಗಳಿಗೆ ನನ್ನ ಕೋರಿಕೆ. ಹಾಡು ಬಿಡುಗಡೆ ಮಾಡುವಾಗ ಕೆಳಗಿನ ವಿವರಣೆಯಲ್ಲಿ ಎಲ್ಲರ ಹೆಸರು, ವಾದ್ಯ, ಯಾರ ಹತ್ತಿರ ಕಲಿತದ್ದು, ಧಾಟಿ ಯಾರದ್ದು, ವಾದ್ಯಸಂಯೋಜನೆ ಯಾರದ್ದು ಅಂತ ಕನ್ನಡದಲ್ಲೇ ಹಾಕಿ. ಹಾಡಿನ ರಚನೆಯಲ್ಲಿ ಯಾರಿಗೆ ಶೇಕಡಾ ಎಷ್ಟು ಪಾಲು ಅನ್ನುವ ಹಾಳೆಗೆ ರೆಕಾರ್ಡಿಂಗಿನ ದಿನವೇ ಎಲ್ಲರ ಸಹಿ ಹಾಕಿಸಿ, ಅದರ ಪ್ರಕಾರವೇ ಹಾಡು ಬರೆದವರಿಗೆ, ಸಂಯೋಜಿಸಿದವರಿಗೆ ರಾಯಧನ ಹಂಚುವ ಸಂಸ್ಥೆಯಾದ ಐಪಿಆರ್‌ಎಸ್‌ನಲ್ಲಿ ನೋಂದಾಯಿಸಿ. ಹಾಡು ಓಡಲು ಶುರುವಾದ ಮೇಲೆ ಆ ಹಾಳೆ ಬರೆಯಲು ಕೂತರೆ, ಹುಕ್, ಅಂದರೆ ಕಿವಿಯಲ್ಲಿ ಉಳಿಯುವ ತುಣುಕು, ನುಡಿಸಿದ ಪಿಟೀಲಿನವರ ಹೆಸರೇ ಮೊದಲು ಬಿಟ್ಟುಹೋಗುತ್ತದೆ.