ಹಲ್ಲುನೋವಿಗೆ ಮರ್ಯಾದೆ ಇಲ್ಲ

ನಮ್ಮ ಸಿರ್ಸಿ ಸೀಮೆಯಲ್ಲಿ ಬಿಪಿ, ಶುಗರ್ ಇದ್ದವರಿಗೆ ಸಿಗುವ ಮರ್ಯಾದೆ ಹಲ್ಲುನೋವಿನವರಿಗೆ ಸಿಗುವುದಿಲ್ಲ. ಕಾಲು ಉಳುಕಿದರೂ ನೆಂಟರು ಮೂಸಂಬಿ ಹಿಡಿದು ಬರುತ್ತಾರೆ. ಹಲ್ಲುನೋವು ಎಂದರೆ "ಲವಂಗ ಇಟ್ಕ" ಎಂದು ಫೋನ್ ಇಡುತ್ತಾರೆ.

ಈಚೆಗೆ ಒಂದು ಉಪನಯನದ ಮನೆಗೆ ದವಡೆ ಊದಿಸಿಕೊಂಡೇ ಹೋಗಿದ್ದೆ. ಕವಳದ ಹರಿವಾಣದ ಮುಂದೆ ಕೂತಿದ್ದ ಮಾವ ತಲೆಯೆತ್ತಿ, "ಎಂತ ಆತ ತಮಾ?" ಎಂದರು. ಹಲ್ಲು ಎಂದೆ. "ಅಷ್ಟೇಯ? ಆನು ಹೆದ್ರಿಹೋಗಿದ್ದಿ. ಹುಳ ಬಿದ್ದಿಕ್ಕು" ಎಂದು ಎಲೆಗೆ ಸುಣ್ಣ ಸವರತೊಡಗಿದರು. ಸೂಕ್ಷ್ಮದರ್ಶಕ ಇಟ್ಟು ನೋಡಿದರೂ ಹಲ್ಲಿನಲ್ಲಿ ಹುಳ ಕಾಣಲಿಲ್ಲ ಎಂದು ಫ್ರಾನ್ಸಿನ ದಂತವೈದ್ಯ ಪಿಯರ್ ಫೋಷಾರ್ 1728ರಲ್ಲೇ ಬರೆದಿಟ್ಟಿದ್ದಾನೆ. ಆ ಸುದ್ದಿ ಹೊತ್ತ ಬಸ್ಸು ದೇವಿಮನೆ ಘಟ್ಟದಲ್ಲಿ ಕೆಟ್ಟು ನಿಂತಿರಬೇಕು.

ಬಾಯಿಯ ರೋಗ ಇರುವವರು ಜಗತ್ತಿನಲ್ಲಿ ಸುಮಾರು 350 ಕೋಟಿ ಜನ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ. ಶಾಶ್ವತ ಹಲ್ಲು ಹುಳುಕಾದವರೇ 200 ಕೋಟಿ; ಹಾಲುಹಲ್ಲು ಹುಳುಕಾದ ಮಕ್ಕಳು 51 ಕೋಟಿಗೂ ಹೆಚ್ಚು; ವಸಡಿನ ರೋಗ ಬಲಿತವರು ಸುಮಾರು 100 ಕೋಟಿ. ಇಷ್ಟು ಜನ ಸೇರಿ ಒಂದು ಸಂಘ ಕಟ್ಟಿದ್ದರೆ ಮಾವ ಸುಣ್ಣದ ಡಬ್ಬಿ ಕೆಳಗಿಟ್ಟಾದರೂ ಮಾತಾಡುತ್ತಿದ್ದರೋ ಏನೋ.

ತಪ್ಪು ರೋಗದ್ದೂ ಹೌದು. ಹಲ್ಲಿನ ಮೇಲ್ಪದರಕ್ಕೆ ನರವೇ ಇಲ್ಲ, ತೂತು ಒಳಗಿಳಿಯುವವರೆಗೆ ಸದ್ದಿಲ್ಲ. ವಸಡು ನೋಯುವುದೇ ಅಪರೂಪ, ರಕ್ತ ಬರುತ್ತದೆ ಅಷ್ಟೆ. ಬ್ರಶ್ ಕೆಂಪಾಯಿತೆಂದು ನಾವು ಬ್ರಶ್ ಬದಲಾಯಿಸುತ್ತೇವೆ. ಬಾಯಲ್ಲಿರುವ ಬ್ಯಾಕ್ಟೀರಿಯಾ ಸಿಹಿ ತಿಂದು ಆಮ್ಲ ಮಾಡುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ. ಎಷ್ಟು ತಿಂದಿರಿ ಎನ್ನುವುದಷ್ಟೇ ಅಲ್ಲ, ಎಷ್ಟು ಸಲ ತಿಂದಿರಿ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಇದು ನಮ್ಮ ಕಡೆಗೆ ಮಹಾ ಕಷ್ಟದ ಮಾತು. ಹೋದಲ್ಲೆಲ್ಲ "ಆಸರಿಗೆ ಬೇಕಾ?" ಎಂದು ಕೇಳಿ ಬೆಲ್ಲ-ನೀರು ಇಡುತ್ತಾರೆ. ಆಲೆಮನೆ ಶುರುವಾದರಂತೂ ಕಬ್ಬಿನ ಹಾಲು, ಜೋನಿಬೆಲ್ಲ, ತೊಡೆದೇವು. ಬೇಡ ಎಂದರೆ ಸೊಕ್ಕು ಎನ್ನುತ್ತಾರೆ.

ಕಡೆಗೆ ಪೇಟೆಯ ಡಾಕ್ಟರರ ಕುರ್ಚಿಯಲ್ಲಿ ಮಲಗಿದೆ. ಬಾಯಿ ತುಂಬ ಹತ್ತಿ, ಪೈಪು ತುರುಕಿದ ಮೇಲೆ ಅವರು "ಈ ವರ್ಷ ಅಡಿಕೆಗೆ ರೇಟು ಹೇಗೆ?" ಎಂದು ಕೇಳಿದರು. ಎಲ್ಲ ಹಲ್ಲಿನ ಡಾಕ್ಟರರೂ ಪ್ರಶ್ನೆ ಕೇಳುವುದು ಆವಾಗಲೇ. "ಆಂ ಊಂ" ಎಂದೆ. "ಹೌದಾ, ಅಷ್ಟು ಇಳೀತಾ?" ಎಂದು ಬೇಸರ ಪಟ್ಟರು.

ಮರಗಟ್ಟುವ ಇಂಜೆಕ್ಷನ್ನಿನಿಂದ ಅರ್ಧ ತುಟಿ, ಅರ್ಧ ನಾಲಿಗೆ ಎಲ್ಲಿವೆಯೆಂದೇ ಗೊತ್ತಿಲ್ಲ. ಹಾಗೇ ಬಸ್ಸು ಹತ್ತಿದೆ. ಹುಲೇಕಲ್ ಎಂದರೆ "ಉಯೇಕಯ್" ಎಂದು ಹೊರಟಿತು, ಜೊಲ್ಲು ಬೇರೆ. ಕುಡಿದು ಬಂದಿದ್ದಾನೆ ಎಂದುಕೊಂಡಾರೆಂದು ಗದ್ದ ಮೇಲೆತ್ತಿ ಮತ್ತೊಮ್ಮೆ ಹೇಳಿದೆ. ಕಂಡಕ್ಟರ್ ಸಲೀಸಾಗಿ ಹುಲೇಕಲ್ ಟಿಕೆಟ್ ಕೊಟ್ಟು, "ಕವಳ ಬಸ್ಸಲ್ಲಿ ಉಗುಳ್ಬೇಡಿ, ಮತ್ತೆ" ಎಂದ.

ಪಕ್ಕದಲ್ಲಿದ್ದ ಅಜ್ಜ ನನ್ನ ಊದಿದ ಕೆನ್ನೆಯನ್ನು ಮೆಚ್ಚುಗೆಯಿಂದ ನೋಡಿ, ಸಂಚಿ ಬಿಚ್ಚಿ, "ತಂಬಾಕು ಸಾಲ್ತನ?" ಎಂದು ಕೇಳಿದ.