ಮೂರನೆಯ ಬಾಗಿಲಿನ ಬೀಗ

ಮೊನ್ನೆ ಸೋಮವಾರ ಕಾಸರಗೋಡಿನ ಒಂದು ಸರಕಾರಿ ಕಚೇರಿಯಲ್ಲಿ ಕಂಡದ್ದನ್ನು ಇಲ್ಲಿ ಬರೆಯದೆ ನನಗೆ ಸಮಾಧಾನವಿಲ್ಲ. ಕಚೇರಿ ಯಾವುದೆಂದು ಹೇಳುವುದಿಲ್ಲ. ಒಂದರ ಹೆಸರು ಹೇಳಿದರೆ ಉಳಿದವು ತಪ್ಪಿಸಿಕೊಳ್ಳುತ್ತವೆ. ವರಾಂಡದ ಕೊನೆಯಲ್ಲಿ ಸಾಲಾಗಿ ಮೂರು ಬಾಗಿಲುಗಳಿವೆ. ಗಂಡಸರಿಗೆ ಒಂದು, ಹೆಂಗಸರಿಗೆ ಒಂದು, ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಒಂದು ಎಂದು ಮಲಯಾಳದಲ್ಲಿಯೂ ಇಂಗ್ಲಿಷಿನಲ್ಲಿಯೂ ಫಲಕ ಹಾಕಿದ್ದಾರೆ. ಮೂರನೆಯ ಬಾಗಿಲಿಗೆ ಬೀಗ. ಆ ಬೀಗಕ್ಕೆ ತುಕ್ಕು ಹಿಡಿದಿದೆ. ಪಕ್ಕದ ಕಿಟಕಿಯ ಒಡೆದ ಗಾಜಿನಿಂದ ಇಣುಕಿ ನೋಡಿದೆ. ಹಿಡಿಸೂಡಿಗಳು, ಫಿನಾಯಿಲಿನ ಖಾಲಿ ಕ್ಯಾನುಗಳು, ಕಾಲು ಮುರಿದ ಎರಡು ಕುರ್ಚಿಗಳು ಒಳಗೆ ತುಂಬಿದ್ದವು.

ನನ್ನ ಜೊತೆಗಿದ್ದವಳು ನನ್ನ ಹಳೆಯ ವಿದ್ಯಾರ್ಥಿನಿ. ಹೆಸರು ತಿದ್ದುಪಡಿಯ ಅರ್ಜಿಯ ನಮೂನೆ ಮಲಯಾಳದಲ್ಲಿತ್ತು. ಕನ್ನಡ ಶಾಲೆಯಲ್ಲಿ ಓದಿದ ಅವಳಿಗೆ ಅದನ್ನು ತುಂಬಿಸಲು ಧೈರ್ಯ ಸಾಲದೆ ನನ್ನನ್ನು ಕರೆದಿದ್ದಳು. ಬೆಳಗ್ಗೆ ಎಂಟಕ್ಕೆ ಮನೆ ಬಿಟ್ಟವಳು ಮಧ್ಯಾಹ್ನ ಒಂದೂವರೆಯವರೆಗೂ ಶೌಚಾಲಯಕ್ಕೆ ಹೋಗಿರಲಿಲ್ಲ. ನಾನೇ ಹೋಗಿ ಬೀಗದ ಕೈ ಕೇಳಿದೆ. ಮೇಜಿನ ಆಚೆ ಕುಳಿತವರು ತಲೆಯೆತ್ತಿ, ಸಾಲಿನಲ್ಲಿ ನಿಂತ ಇಪ್ಪತ್ತು ಮಂದಿಗೂ ಕೇಳಿಸುವಂತೆ, ಯಾರಿಗೆ ಬೇಕು ಎಂದು ಕೇಳಿದರು. ಎಲ್ಲರ ಕಣ್ಣುಗಳೂ ಒಮ್ಮೆಲೇ ಅವಳ ಕಡೆಗೆ ತಿರುಗಿದವು. ಬೀಗದ ಕೈ ಇದ್ದವರು ಅಂದು ರಜೆಯಲ್ಲಿದ್ದಾರಂತೆ. ಅವಳು ನನ್ನ ಸೆರಗು ಹಿಡಿದು, "ಬೇಡ ಟೀಚರೇ, ನನಗೆ ಅಭ್ಯಾಸ ಉಂಟು" ಎಂದಳು.

ಆ ಮಾತು ನನ್ನನ್ನು ಸುಮಾರು ಇಪ್ಪತ್ತು ವರ್ಷ ಹಿಂದಕ್ಕೆ ಕೊಂಡೊಯ್ದಿತು. ಆಗ ಅವಳು ಹುಡುಗರ ಸಾಲಿನಲ್ಲಿ ಕುಳಿತುಕೊಳ್ಳುತ್ತಿದ್ದ ಆರನೆಯ ತರಗತಿಯ ಮಗು. ಅವಳ ತಾಯಿ ಒಂದು ದಿನ ಶಾಲೆಗೆ ಬಂದು, "ಟೀಚರೇ, ಇವ ನೀರೇ ಕುಡಿಯುವುದಿಲ್ಲ, ಬಾಟಲಿ ತುಂಬಿಸಿ ಕೊಟ್ಟದ್ದು ಹಾಗೆಯೇ ವಾಪಸು ಬರುತ್ತದೆ" ಎಂದು ದೂರಿದರು. ನಾನು ಮಗುವನ್ನು ಕರೆದು ಗದರಿಸಿದೆ. ಮಧ್ಯಾಹ್ನದ ಬಿಡುವಿನಲ್ಲಿ ಕೈ ಹಿಡಿದು ಹುಡುಗರ ಮೂತ್ರಾಲಯದ ಬಾಗಿಲವರೆಗೆ ಕರೆದುಕೊಂಡು ಹೋಗಿ, "ಹೋಗಿ ಬಾ, ಯಾರೂ ತಿನ್ನುವುದಿಲ್ಲ" ಎಂದು ಒಳಗೆ ಕಳುಹಿಸಿದೆ. ಒಳಗಿನಿಂದ ಕೇಳಿಬಂದ ನಗುವಿನ ಅರ್ಥ ನನಗೆ ಆಗ ಆಗಲಿಲ್ಲ. ಮಗುವಿನ ಒಳಿತಿಗಾಗಿಯೇ ಮಾಡುತ್ತಿದ್ದೇನೆಂದು ನಂಬಿದ್ದೆ. ಆ ಮಗು ಅಂದು ಪಟ್ಟ ಅವಮಾನದಲ್ಲಿ ನನ್ನ ಪಾಲೂ ಇದೆ. ಸೋಮವಾರ ಅವಳ ಚೀಲದಲ್ಲಿದ್ದ ಸ್ಟೀಲ್ ಬಾಟಲಿಯನ್ನು ಎತ್ತಿ ನೋಡಿದೆ. ತುಂಬಿಯೇ ಇತ್ತು.

ಕಾನೂನು ಇಲ್ಲವೆಂದು ಯಾರೂ ಹೇಳುವಂತಿಲ್ಲ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಆಸ್ಪತ್ರೆಯ ಆರೈಕೆಯನ್ನೂ ಪ್ರತ್ಯೇಕ ಸಾರ್ವಜನಿಕ ಶೌಚಾಲಯಗಳನ್ನೂ ಒದಗಿಸಬೇಕೆಂದು ಕೇಂದ್ರಕ್ಕೂ ರಾಜ್ಯಗಳಿಗೂ ನಿರ್ದೇಶಿಸಿತು. ಮರುವರ್ಷವೇ, 2015ರಲ್ಲಿ, ಟ್ರಾನ್ಸ್‌ಜೆಂಡರ್ ನೀತಿಯನ್ನು ಪ್ರಕಟಿಸಿದ ದೇಶದ ಮೊದಲ ರಾಜ್ಯ ನಮ್ಮ ಕೇರಳ. 2017ರ ಏಪ್ರಿಲಿನಲ್ಲಿ ಸ್ವಚ್ಛ ಭಾರತ ಯೋಜನೆಯ ಮಾರ್ಗಸೂಚಿಯು ಸಾರ್ವಜನಿಕ ಶೌಚಾಲಯಗಳಲ್ಲಿ ಗಂಡಸರ ಕಡೆಯನ್ನೋ ಹೆಂಗಸರ ಕಡೆಯನ್ನೋ ಆರಿಸಿಕೊಳ್ಳುವುದನ್ನು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಇಷ್ಟಕ್ಕೇ ಬಿಡಬೇಕೆಂದಿತು. ಉಳಿದವರು ಬಳಸುವ ಸಾರ್ವಜನಿಕ ಸ್ಥಳವನ್ನು ಅವರು ಬಳಸದಂತೆ ತಡೆದವರಿಗೆ ಆರು ತಿಂಗಳಿನಿಂದ ಎರಡು ವರ್ಷದವರೆಗೆ ಸಜೆಯೆಂದು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆಯ 2019ರ ಕಾಯಿದೆಯ 18ನೆಯ ಕಲಮು ಬರೆದಿಟ್ಟಿತು. ಆ ಕಾಯಿದೆಯಡಿ ಬಂದ 2020ರ ಸೆಪ್ಟೆಂಬರಿನ ನಿಯಮಗಳು ಅವರಿಗೆ ಶೌಚಾಲಯದ ವ್ಯವಸ್ಥೆಯನ್ನು ಎರಡು ವರ್ಷದೊಳಗೆ ಒದಗಿಸಬೇಕೆಂದವು. ಆ ಎರಡು ವರ್ಷ 2022ರಲ್ಲಿಯೇ ಕಳೆದುಹೋಯಿತು. ನಾನು ನೋಡಿದ ಕಚೇರಿಯ ಕಡತದಲ್ಲಿ ಈ ಕೆಲಸ ಮುಗಿದಿದೆಯೆಂದೇ ಇರಬೇಕು. ಕೋಣೆ ಇದೆ, ಫಲಕ ಇದೆ. ಬೀಗದ ವಿಷಯವನ್ನು ಬರೆಯಲು ಕಡತದಲ್ಲಿ ಜಾಗವಿರುವುದಿಲ್ಲ.

ಬೀಗ ತೆಗೆದರೆ ಸಾಕೇ ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ. ಸಾಲದು ಎಂದೇ ನನಗೆ ಅನ್ನಿಸುತ್ತದೆ. ಮೂರನೆಯ ಬಾಗಿಲನ್ನು ತೆರೆದು ಒಳಗೆ ಹೋಗುವವಳು ತಾನು ಯಾರೆಂಬುದನ್ನು ಇಡೀ ವರಾಂಡಕ್ಕೆ ಸಾರಿ ಹೋಗಬೇಕಾಗುತ್ತದೆ. ಮನೆಯಲ್ಲಿ ಇನ್ನೂ ಹೇಳಿಕೊಳ್ಳದವರು, ಊರಿನವರ ಕಣ್ಣಿಗೆ ಬೀಳಲು ಹೆದರುವವರು ಆ ಬಾಗಿಲ ಹತ್ತಿರವೂ ಸುಳಿಯಲಾರರು. ಪ್ರತ್ಯೇಕ ಬೇಕು ಎಂದವರಿಗೆ ಪ್ರತ್ಯೇಕವೂ ಇರಲಿ, ಆದರೆ ಗಟ್ಟಿಯಾದ ಅಗುಳಿ, ಒಂದು ದೀಪ, ನೀರು ಬರುವ ನಳ್ಳಿ ಇರುವ ಒಂಟಿ ಕೋಣೆಗಳನ್ನು ಕಟ್ಟಿ, ಮೇಲೆ ಬರೇ "ಶೌಚಾಲಯ" ಎಂದು ಬರೆದರೆ ಯಾರೂ ಯಾರಿಗೂ ಏನನ್ನೂ ಹೇಳಬೇಕಾಗಿಲ್ಲ. ನಮ್ಮ ಮನೆಯವರಿಗೆ ಪಕ್ಷವಾತವಾದ ವರ್ಷ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಾಗಲೆಲ್ಲ ನಾನು ಗಂಡಸರ ಶೌಚಾಲಯದ ಹೊರಗೆ ನಿಂತು, ಒಳಗೆ ಹೋಗುವ ಅಪರಿಚಿತರನ್ನು ಅವರ ಪಂಚೆ ಸರಿಪಡಿಸಿಕೊಡಿ ಎಂದು ಬೇಡಿಕೊಂಡಿದ್ದೇನೆ. ಅಂತಹ ಒಂದು ಕೋಣೆ ಇದ್ದಿದ್ದರೆ ನಾನೇ ಒಳಗೆ ಹೋಗಿ ಅವರನ್ನು ಹಿಡಿದುಕೊಳ್ಳಬಹುದಿತ್ತು. ಅವರ ಮಾನ ಉಳಿಯುತ್ತಿತ್ತು.

ಹೆಂಗಸರ ಸುರಕ್ಷತೆಯ ಗತಿಯೇನು ಎಂದು ನನ್ನ ತಂಗಿಯೇ ಕೇಳಿದಳು. ನಾನೂ ಹೆಂಗಸೇ, ಕತ್ತಲಾದ ಮೇಲೆ ಬಸ್ ನಿಲ್ದಾಣದ ಶೌಚಾಲಯಕ್ಕೆ ಹೋಗಲು ಹೆದರಿ ಮನೆ ಮುಟ್ಟುವವರೆಗೆ ತಡೆದುಕೊಂಡ ದಿನಗಳು ನನಗೂ ಇವೆ. ಆದರೆ ನನ್ನನ್ನು ಹೆದರಿಸಿದ್ದು ಮುರಿದ ಚಿಲಕ, ಉರಿಯದ ದೀಪ, ಹೊರಗೆ ಗುಂಪುಗೂಡಿ ನಿಂತ ಗಂಡಸರು. ಕೆಡುಕು ಮಾಡಲು ಬರುವವನು ಫಲಕ ಓದಿ ಅನುಮತಿ ಪಡೆದು ಬರುವುದಿಲ್ಲ. ನಾವೆಲ್ಲ ಮಾವೇಲಿ ರೈಲಿನಲ್ಲಿಯೋ ಪರಶುರಾಮ ರೈಲಿನಲ್ಲಿಯೋ ಪ್ರಯಾಣ ಮಾಡಿದವರೇ. ಆ ಬೋಗಿಯ ಶೌಚಾಲಯದ ಮುಂದೆ ಗಂಡು ಹೆಣ್ಣುಗಳೆಲ್ಲ ಒಂದೇ ಸಾಲಿನಲ್ಲಿ ನಿಲ್ಲುತ್ತೇವೆ, ಒಳಗೆ ಹೋಗಿ ಅಗುಳಿ ಹಾಕಿಕೊಳ್ಳುತ್ತೇವೆ, ಕೈ ತೊಳೆದು ಬಂದು ನಮ್ಮ ಜಾಗದಲ್ಲಿ ಕುಳಿತುಕೊಳ್ಳುತ್ತೇವೆ. ಸೋಮವಾರ ಸಂಜೆ ಹಿಂದಿರುಗುವಾಗ ರೈಲು ಕುಂಬಳೆ ದಾಟುವ ಮೊದಲೇ ಅವಳು ಎದ್ದು ಹೋಗಿ ಬಂದಳು. ಯಾರೂ ತಲೆಯೆತ್ತಿ ನೋಡಲಿಲ್ಲ. ಬಂದು ಕುಳಿತವಳು ಬೆಳಗ್ಗಿನಿಂದ ಹೊತ್ತು ತಿರುಗಿದ ಬಾಟಲಿಯ ಮುಚ್ಚಳ ತೆಗೆದು, ಉಪ್ಪಳ ಬರುವುದರೊಳಗೆ ಅರ್ಧಕ್ಕಿಂತ ಹೆಚ್ಚು ನೀರು ಕುಡಿದಳು.

ಇನ್ನೊಂದು ಮಾತನ್ನು ಕಚೇರಿಯಲ್ಲಿಯೇ ಕೇಳಿದೆ: ಇಂಥವರು ಜಿಲ್ಲೆಯಲ್ಲಿ ಎಷ್ಟು ಜನ ಇದ್ದಾರು, ಅವರಿಗಾಗಿ ಇಷ್ಟೆಲ್ಲ ಬೇಕೇ? ಇದನ್ನು ಹೇಳಿದವರು ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ನಮ್ಮವರೇ, ಶುದ್ಧ ಕನ್ನಡದಲ್ಲಿ ಹೇಳಿದರು. ನನಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಇಲ್ಲಿಯೇ. "ನೀವು ಎಷ್ಟು ಜನ ಇದ್ದೀರಿ" ಎಂಬ ಪ್ರಶ್ನೆಯನ್ನು ಕಾಸರಗೋಡಿನ ಕನ್ನಡಿಗರಾದ ನಾವು, ನಮ್ಮ ಊರು ಕೇರಳಕ್ಕೆ ಸೇರಿದ 1956ರಿಂದ ಕೇಳಿಸಿಕೊಳ್ಳುತ್ತ ಬಂದಿದ್ದೇವೆ. ಕನ್ನಡ ಬಲ್ಲ ಅಧ್ಯಾಪಕರನ್ನು ಕೊಡಿ ಎಂದಾಗ, ಅರ್ಜಿಯ ನಮೂನೆ ಕನ್ನಡದಲ್ಲಿರಲಿ ಎಂದಾಗ, ಫಲಕದಲ್ಲಿ ಒಂದು ಸಾಲು ಕನ್ನಡ ಬರೆಯಿರಿ ಎಂದಾಗ ಇದೇ ಪ್ರಶ್ನೆಯನ್ನು ನಮ್ಮ ಮುಖಕ್ಕೆ ಎಸೆದಿದ್ದಾರೆ. ನಾವು ಧರಣಿ ಕುಳಿತದ್ದು, ತಲೆ ಎಣಿಸಿ ಹಕ್ಕು ಅಳೆಯಬೇಡಿ ಎಂದು ಹೇಳುವುದಕ್ಕಲ್ಲವೇ? ಆ ಬಿಸಿಲಿನಲ್ಲಿ ನಮ್ಮ ಜೊತೆ ಕುಳಿತವರೇ ಇಂದು ಅದೇ ಲೆಕ್ಕದ ಪುಸ್ತಕವನ್ನು ಒಬ್ಬ ಹುಡುಗಿಯ ಮುಂದೆ ಬಿಡಿಸಿಡುತ್ತಾರೆಂದರೆ ನನಗೆ ತಡೆಯಲಾರದ ಸಿಟ್ಟು ಬರುತ್ತದೆ. ಅಲ್ಲಿಯೇ ಅವರಿಗೆ ಇದನ್ನು ಹೇಳಿದೆ. ಅವರು ಮುಖ ತಿರುಗಿಸಿಕೊಂಡರು.

ಕಚೇರಿಯ ಮುಖ್ಯಸ್ಥರಿಗೆ ಎರಡು ಪುಟದ ಅರ್ಜಿ ಬರೆದಿದ್ದೇನೆ. 1969ರ ರಾಜ್ಯ ಭಾಷಾ ಕಾಯಿದೆ ಕನ್ನಡದಲ್ಲಿ ಬರೆಯುವ ಹಕ್ಕನ್ನೂ ಕನ್ನಡದಲ್ಲಿಯೇ ಉತ್ತರ ಪಡೆಯುವ ಹಕ್ಕನ್ನೂ ನಮಗೆ ಕೊಟ್ಟಿರುವುದರಿಂದ ಕನ್ನಡದಲ್ಲಿಯೇ ಬರೆದಿದ್ದೇನೆ. ಬೀಗ ತೆಗೆಯಬೇಕು, ಒಳಗಿನ ಸಾಮಾನು ಖಾಲಿ ಮಾಡಬೇಕು, ಅಗುಳಿ ಮತ್ತು ದೀಪ ಹಾಕಬೇಕು, ಕೋಣೆಯನ್ನು ಯಾರು ಬೇಕಾದರೂ ಬಳಸಬಹುದೆಂದು ಮೂರು ಭಾಷೆಗಳಲ್ಲಿ ಬರೆಸಬೇಕು ಎಂದು ಕೇಳಿದ್ದೇನೆ. ಅವಳು ಓದಿ ನೋಡಿ, ಒಂದು ಕಡೆ "ದಯವಿಟ್ಟು" ಎಂದಿದ್ದುದನ್ನು ಹೊಡೆದುಹಾಕಿ, ನನ್ನ ಸಹಿಯ ಕೆಳಗೆ ತನ್ನ ಹೊಸ ಹೆಸರಿನಲ್ಲಿ ಸಹಿ ಹಾಕಿದಳು. ಬರುವ ಸೋಮವಾರ ಹತ್ತೂವರೆಗೆ ಇಬ್ಬರೂ ಹೋಗಿ ಕೊಡುತ್ತೇವೆ. ಮಂಜೇಶ್ವರದಿಂದ ರೈಲಿನಲ್ಲಿ ಬರುವವರಿದ್ದರೆ ತಿಳಿಸಿ, ಒಟ್ಟಿಗೆ ಹೋಗೋಣ.