ಗೋಡೆ ಹೋಯ್ತು, ಎಲ್ಲಿಗೆ ಹೋಯ್ತು?

ನಮ್ಮ ಗೃಹಪ್ರವೇಶದ ದಿನ ಒಬ್ಬಟ್ಟು ಚೆನ್ನಾಗಿತ್ತು, ಗೋಡೆ ಚೆನ್ನಾಗಿರಲಿಲ್ಲ. ಊಟಕ್ಕೆ ಬಂದವರೆಲ್ಲ ಹಾಗಂತ ಹೇಳಿದರು.

ಹಾಲಿಗೂ ಅಡುಗೆಮನೆಗೂ ನಡುವಿನ ಗೋಡೆ ಅದು. ಹತ್ತಡಿ ಉದ್ದ, ಹತ್ತಡಿ ಎತ್ತರ. ಕಟ್ಟಿದಾಗ ಏಳು ದಿನ ಆಫೀಸಿಗೆ ಹೋಗೋ ಮುಂಚೆ ಪೈಪ್ ಹಿಡಿದು ತುಳಸಿ ಗಿಡಕ್ಕೆ ಹಾಕಿದ ಹಾಗೆ ನೀರು ಹಾಕಿದ್ದೆ. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಬೆಳಿಗ್ಗೆ ತಾನೇ ನಮ್ಮತ್ತೆ ಅದರ ಮೇಲೆ ಅರಿಶಿನ ಕುಂಕುಮದ ಐದು ಬೊಟ್ಟು ಇಟ್ಟಿದ್ದರು.

ಮಂಡ್ಯದ ಸೋದರಮಾವ ಎಲೆ ಮುಂದೆ ಕೂತವರು ತಲೆ ಎತ್ತಿ ನೋಡಿದರು. "ಅದ್ಯಾಕ್ಲಾ ಅಲ್ಲೊಂದು ಗ್ವಾಡೆ ಎತ್ತಿಸ್ಬುಟ್ಟಿದ್ದೀಯಾ? ಹಾಲು ಇಕ್ಕಟ್ಟಾಗೋಯ್ತು ಕಣ್ಲಾ" ಅಂದರು. ಅಷ್ಟೇ. ಪಾಯಸ ಬರುವಷ್ಟರಲ್ಲಿ ಗೋಡೆಯ ಮೇಲೆ ಅವಿಶ್ವಾಸ ಗೊತ್ತುವಳಿ ಮಂಡನೆಯಾಗಿತ್ತು. ಭಾವಮೈದ ಓಪನ್ ಕಿಚನ್ ಅಂದ. ಪಕ್ಕದ ಸೈಟಿನವರು ವಾಸ್ತು ಅಂದರು. ಮೊಬೈಲಿನಲ್ಲಿ ದಿಕ್ಸೂಚಿ ತೆಗೆದು ಒಮ್ಮೆ ಕಿಟಕಿ ಹತ್ತಿರ, ಒಮ್ಮೆ ಫ್ರಿಜ್ ಹತ್ತಿರ ಹಿಡಿದರು. ನಮ್ಮ ಮನೆಗೆ ಎರಡು ಉತ್ತರ ದಿಕ್ಕು ಸಿಕ್ಕಿತು. ಎರಡರ ಪ್ರಕಾರವೂ ಗೋಡೆ ತಪ್ಪು. ಮೊಸರನ್ನದ ಹೊತ್ತಿಗೆ ಮತ ಎಣಿಕೆ ಮುಗಿದಿತ್ತು.

ನಾನೂ ಹೂಂ ಅಂದೆ. ಮೂರು ಒಬ್ಬಟ್ಟು ತಿಂದವನು ಯಾವುದಕ್ಕೂ ಹೂಂ ಅನ್ನುತ್ತಾನೆ.

ನಮ್ಮ ಮೈಸೂರಿನಲ್ಲಿ ಗೋಡೆಯ ತೀರ್ಮಾನ ಇಷ್ಟು ಬೇಗ ಆಗೋದು ಮನೆಯೊಳಗೆ ಮಾತ್ರ. ರಾಜರ ಕಾಲದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ಕು ಜೀವ ಹೋಯಿತು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಕೆಡವಬೇಕೋ, ಉಳಿಸಬೇಕೋ ಅಂತ ಸಮಿತಿ ಆಯಿತು, ಅದರ ಮೇಲೊಂದು ಸಮಿತಿ ಆಯಿತು, ವರದಿಗೆ ಎದುರು ವರದಿ ಬಂತು, ಕೋರ್ಟೂ ಆಯಿತು. ಆ ಗೋಡೆಗಳು ಬೀಳೋ ಮುಂಚೆ ಇಷ್ಟು ಜನ ತಜ್ಞರು ಬಂದು ಮುಟ್ಟಿ ನೋಡಿದ್ದರೆ ಎಷ್ಟು ಚೆನ್ನಾಗಿತ್ತು, ಅಲ್ವಾ? ನಮ್ಮ ಮನೆ ಗೋಡೆಗೆ ಆ ಭಾಗ್ಯವೂ ಇರಲಿಲ್ಲ. ಅದನ್ನು ಪರೀಕ್ಷೆ ಮಾಡಿದ್ದು ಮೇಸ್ತ್ರಿ, ಅದೂ ಬೆರಳಿನ ಗೆಣ್ಣಿನಿಂದ. ಹಲಸಿನಹಣ್ಣು ತಟ್ಟಿದ ಹಾಗೆ ಮೂರು ಕಡೆ ತಟ್ಟಿ, ಕಿವಿ ಕೊಟ್ಟು, "ಡಬಡಬ ಅಂತದೆ ಸಾ, ಏನೂ ತೊಂದ್ರೆ ಇಲ್ಲ" ಅಂದ.

ಮನೆಗೆ ನಕ್ಷೆ ಬರೆದ ಎಂಜಿನಿಯರು ಎರಡು ರಸ್ತೆ ಆಚೆಗೇ ಇದ್ದಾರೆ. ಅವರ ನಂಬರೂ ನನ್ನ ಫೋನಿನಲ್ಲಿದೆ. ಅವರನ್ನು ಕೇಳಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಗೋಡೆ ಒಡೆದ ಮೇಲೆ ಅವರೇ ಬಂದರು, ಮುಖ ಬೆಳ್ಳಗೆ ಮಾಡಿಕೊಂಡು. ಮೊದಲು ನೋಡಿದ್ದು ಸೂರನ್ನ. "ಪುಣ್ಯಕ್ಕೆ ಇದು ಪಿಲ್ಲರ್ ಮನೆ. ಮೋಲ್ಡಿನ ಭಾರವೆಲ್ಲ ಬೀಮ್ ಹೊತ್ತಿದೆ. ಈ ನಾಲ್ಕೂವರೆ ಇಂಚಿನ ಗೋಡೆ ತನ್ನನ್ನ ತಾನು ಹೊತ್ತುಕೊಂಡಿತ್ತು ಅಷ್ಟೆ. ಪಿಲ್ಲರ್ ಇಲ್ಲದ ಮನೆಯಲ್ಲಿ ಒಂಬತ್ತಿಂಚಿನ ಗೋಡೆ ಮೇಲೇ ಮೋಲ್ಡ್ ಕೂತಿರುತ್ತೆ ಸಾರ್. ಅಲ್ಲಿ ಹೀಗೆ ಮಾಡಿದ್ರೆ ಮೇಲಿನದು ಕೆಳಗೆ ಬರ್ತಿತ್ತು" ಅಂದರು. ಮೇಸ್ತ್ರಿ ನನ್ನ ಕಡೆ ತಿರುಗಿ, "ನಾನ್ ಹೇಳ್ಲಿಲ್ವಾ ಸಾ?" ಅಂದ.

ಒಡೆಯೋ ಕೆಲಸ ಮಧ್ಯಾಹ್ನದೊಳಗೆ ಮುಗಿಯಿತು. ಬ್ರೇಕರ್ ಸದ್ದಿಗೆ ಎದುರು ಮನೆಯವರು ಬಂದು ನೋಡಿ, ತಮ್ಮ ಮನೆಯಲ್ಲೂ ಒಂದು ಗೋಡೆ ಇದೆ ಅಂತ ಹೇಳಿ ಹೋದರು. ಗೋಡೆಯೊಳಗೆ ವೈರಿನ ಪೈಪ್ ಓಡಿತ್ತು ಅನ್ನೋದು ಹಾಲಿನ ಫ್ಯಾನ್ ನಿಂತ ಮೇಲೆ ಗೊತ್ತಾಯಿತು. ಇನ್ನೊಂದು ಗೊತ್ತಾಗಿದ್ದು ಕಸ ಗುಡಿಸಿದ ಮೇಲೆ. ಗೋಡೆ ಕಟ್ಟಿ ಆದ ನಂತರ ತಾನೇ ಟೈಲ್ಸ್ ಹಾಕೋದು? ಹಾಗಾಗಿ ಗೋಡೆ ನಿಂತಿದ್ದ ಜಾಗದಲ್ಲಿ ಟೈಲ್ಸೇ ಇಲ್ಲ. ಹಾಲಿನ ನಟ್ಟನಡುವೆ ಆರಿಂಚು ಅಗಲದ ಗುಂಡಿ, ಈ ತುದಿಯಿಂದ ಆ ತುದಿಗೆ. ಅದೇ ಬಣ್ಣದ ಟೈಲ್ಸ್ ಈಗ ಬರಲ್ಲ ಅಂತ ಅಂಗಡಿಯವರು ಹೇಳಿದರು. ಫೋಟೋ ನೋಡಿದ ಸೋದರಮಾವ, "ವಿಸಿ ನಾಲೆ ತಂದುಬುಟ್ಟೆ ಕಣ್ಲಾ ಮನೆಗೆ, ಬತ್ತ ನಾಟಿ ಮಾಡು" ಅಂದರು. ಗೋಡೆ ಯಾಕೆ ಅಂತ ಮೊದಲು ಕೇಳಿದವರು ಇವರೇ.

ಇಷ್ಟೂ ನನ್ನ ದಡ್ಡತನ, ಬಿಡಿ. ಊರಿಗೆ ಸಂಬಂಧಪಟ್ಟ ವಿಷಯ ಬೇರೆ ಇದೆ.

ಹತ್ತಡಿಗೆ ಹತ್ತಡಿ, ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಹೆಚ್ಚುಕಮ್ಮಿ 2 ಟನ್ ತೂಗುತ್ತೆ. ನಿಂತಿರುವಾಗ ಅದು ಯಾರಿಗೂ ಭಾರ ಅಲ್ಲ. ಒಡೆದ ಕೂಡಲೇ ಮನೆ ಮುಂದೆ ಗುಡ್ಡ. "ಇದನ್ನೆಲ್ಲಿ ಹಾಕ್ತೀಯಪ್ಪ?" ಅಂತ ಕೇಳಿದೆ. "ಅದೆಲ್ಲ ನಿಮ್ಗ್ಯಾಕೆ ಸಾ, ನಾವ್ ನೋಡ್ಕೋತೀವಿ" ಅಂದ ಮೇಸ್ತ್ರಿ. ಈ ಒಂದು ಮಾತಿಗೆ ನಾವು ಮೈಸೂರಿನವರು ದುಡ್ಡು ಕೊಡುತ್ತೇವೆ. ಸಣ್ಣ ಗೂಡ್ಸ್ ಗಾಡಿ ಬಂತು, ಕತ್ತಲಾದ ಮೇಲೆ. ಮೂರು ಟ್ರಿಪ್ ಹೊಡೆಯಿತು. ಹಗಲು ಬರಬಾರದಾಗಿತ್ತಾ ಅಂತ ನಾನೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ಸಿಕ್ಕಿಬಿಡುತ್ತಿತ್ತು.

ನಮ್ಮೂರು 2015ರಲ್ಲಿ ದೇಶಕ್ಕೇ ಮೊದಲ ಸ್ವಚ್ಛ ನಗರ. 2016ರಲ್ಲೂ ನಾವೇ. ಅದೇ 2016ರಲ್ಲಿ ಕಟ್ಟಡ ಒಡೆದ ಕಸಕ್ಕೆ ಅಂತಲೇ ಕೇಂದ್ರ ಸರ್ಕಾರ ನಿಯಮ ತಂದಿತು. ಒಡೆದವರದೇ ಹೊಣೆ, ರಸ್ತೆ ಬದಿ ಸುರಿಯುವ ಹಾಗಿಲ್ಲ ಅಂತ ಅದರಲ್ಲಿತ್ತು. ನಾವು ನಿಯಮ ಪಾಲಿಸುವ ಜನ. ಬಾಳೆಹಣ್ಣಿನ ಸಿಪ್ಪೆ ಹಸಿ ಕಸಕ್ಕೋ ಒಣ ಕಸಕ್ಕೋ ಅಂತ ನಮ್ಮ ಮನೆಯಲ್ಲಿ ಮಕ್ಕಳಿಗೂ ಗೊತ್ತು. ಬೆಳಿಗ್ಗೆ ಗಾಡಿ ಬಂದಾಗ ಎರಡು ಬಕೆಟ್ ಹಿಡಿದು ಗೇಟಿನಲ್ಲಿ ನಿಂತಿರುತ್ತೇವೆ. ನೂರು ಗ್ರಾಂ ಸಿಪ್ಪೆಗೆ ಇಷ್ಟು ಶಿಸ್ತು. ಎರಡು ಟನ್ ಗೋಡೆಗೆ ರಿಂಗ್ ರಸ್ತೆ.

ಗುಮಾನಿ ಇತ್ತು. ಹೋದ ಭಾನುವಾರ ಖಾತ್ರಿ ಆಯಿತು. ಸಂಸಾರ ಸಮೇತ ಮಾವನ ಮನೆಗೆ ಹೊರಟಿದ್ದೆವು. ರಿಂಗ್ ರಸ್ತೆ ಬದಿಯಲ್ಲಿ ಸಾಲುಸಾಲು ಗುಡ್ಡೆ. ಒಂದರಲ್ಲಿ ಯಾರದೋ ಬಚ್ಚಲಿನ ನೀಲಿ ಟೈಲ್ಸ್, ಇನ್ನೊಂದರಲ್ಲಿ ಕಮೋಡ್, ಅದರೊಳಗೆ ಮುಖ ಇಟ್ಟ ಒಂದು ದನ. ಯಾರ ಮನೆಯಲ್ಲಿ ಏನು ಬದಲಾಯಿಸಿದರು ಅಂತ ಕಾರಲ್ಲಿ ಕೂತೇ ಹೇಳಬಹುದು. ಆಮೇಲೆ ಒಂದು ಗುಡ್ಡೆ ನೋಡಿದ ತಕ್ಷಣ ಬ್ರೇಕ್ ಹಾಕಿದೆ. ಅದೇ ತೆಳು ಹಳದಿ. ಮೇಲೆ ಬಿದ್ದಿದ್ದ ದೊಡ್ಡ ಚೂರಿನಲ್ಲಿ ಅರಿಶಿನ ಕುಂಕುಮದ ಮೂರು ಬೊಟ್ಟು. ಉಳಿದೆರಡು ಬೇರೆ ಟ್ರಿಪ್ಪಿನಲ್ಲಿ ಹೋಗಿರಬೇಕು.

ಗುಡ್ಡೆಯ ಹಿಂದೆ ಎರಡು ಸಾಲಿನ ಬೋರ್ಡು. 'ಹಾಕಬೇಡಿ' ಅನ್ನೋ ಕೆಳಗಿನ ಸಾಲನ್ನು ನಮ್ಮ ಗೋಡೆ ಮುಚ್ಚಿಕೊಂಡಿತ್ತು. ಮೇಲಿನ ಸಾಲು ಮಾತ್ರ ದೂರಕ್ಕೂ ಕಾಣುತ್ತಿತ್ತು: 'ಇಲ್ಲಿ ಕಸ'.

ಹತ್ತಿರ ಹೋಗಿ ನೋಡೋಣ ಅಂತ ಬಾಗಿಲು ತೆಗೆದು ಇಳಿದೆ. ಕಾರೊಳಗಿಂದ ಹೆಂಡತಿ ಕೂಗಿದಳು.

"ರೀ, ಚಪ್ಪಲಿ ಬಿಟ್ಟು ಹೋಗ್ರೀ. ಕುಂಕುಮ ಇದೆ."